ಲೇಬಲ್‌-ಫ್ರೀ ಎಂದರೆ ಯಾವುದು, ಯಾವುದಲ್ಲ

ಮಿದುಳಿನ ಗಡ್ಡೆಯ ಆಪರೇಷನ್ ಬಗ್ಗೆ ಬರುವ ಬರಹಗಳಲ್ಲಿ ನೀಲಿ ಬೆಳಕಿನಡಿ ಗಡ್ಡೆ ಕೆಂಪಗೆ ಹೊಳೆಯುವ ಚಿತ್ರವೊಂದು ಇರುತ್ತದೆ. ಅದರ ಕೆಳಗೆ ‘ಲೇಬಲ್‌-ಫ್ರೀ ಇಮೇಜಿಂಗ್’ (ಹೊರಗಿನಿಂದ ಬಣ್ಣ ಸೇರಿಸದೆ ಚಿತ್ರ ತೆಗೆಯುವುದು) ಎಂದು ಬರೆದಿರುತ್ತಾರೆ. ಆ ಚಿತ್ರಕ್ಕೂ ಆ ಪದಕ್ಕೂ ಸಂಬಂಧವಿಲ್ಲ.

ಆ ಕೆಂಪಿಗೆ ಕಾರಣ 5-ಎಎಲ್‌ಎ ಎಂಬ ಔಷಧಿ. ಅರಿವಳಿಕೆ ಕೊಡುವ ಸುಮಾರು 3 ಗಂಟೆ ಮೊದಲು, ದೇಹತೂಕದ ಪ್ರತಿ ಕಿಲೊಗೆ 20 ಮಿಲಿಗ್ರಾಂ ಲೆಕ್ಕದಲ್ಲಿ ನೀರಿಗೆ ಕಲಸಿ ಕುಡಿಸುತ್ತಾರೆ. ಗಡ್ಡೆಯ ಕೋಶಗಳು ಅದರಿಂದ ಪ್ರೊಟೊಪಾರ್ಫಿರಿನ್ ತಯಾರಿಸಿ ಒಳಗೇ ಕೂಡಿಹಾಕಿಕೊಳ್ಳುತ್ತವೆ. 400 ನ್ಯಾನೊಮೀಟರ್ ಆಸುಪಾಸಿನ ಬೆಳಕಿಗೆ ಕೆಂಪಾಗಿ ಹೊಳೆಯುವುದು ಅದೇ. ‘ಕೋಶವೇ ತಯಾರಿಸಿದ ವಸ್ತು ತಾನೆ, ಹೊರಗಿನ ಬಣ್ಣ ಎಲ್ಲಿ ಬಂತು?’ ಎಂದು ವಾದಿಸುವವರಿದ್ದಾರೆ. ಕುಡಿಸದಿದ್ದರೆ ಆ ಹೊಳಪು ಬರುವುದಿಲ್ಲ, ವಾದ ಅಲ್ಲಿಗೆ ಮುಗಿಯಿತು. ಕುಡಿದವರನ್ನು ಒಂದೆರಡು ದಿನ ಬಿಸಿಲಿನಿಂದ ದೂರ ಇಡಬೇಕಾಗುತ್ತದೆ, ಇಲ್ಲದಿದ್ದರೆ ಚರ್ಮ ಸುಡುತ್ತದೆ. ಉನ್ನತ ದರ್ಜೆಯ, ಅಂದರೆ ವೇಗವಾಗಿ ಬೆಳೆಯುವ ಗ್ಲಯೋಮಾದಲ್ಲಿ (ನರಕೋಶಗಳಿಗೆ ಆಸರೆಯಾದ ಕೋಶಗಳಿಂದ ಹುಟ್ಟುವ ಗಡ್ಡೆ) ಹೊಳಪು ಸೊಗಸಾಗಿ ಬರುತ್ತದೆ, ಕಡಿಮೆ ದರ್ಜೆಯವುಗಳಲ್ಲಿ ಬಹುಪಾಲು ಮಂಕು. ಉಪಯುಕ್ತ ವಿಧಾನ, ಸಂಶಯವಿಲ್ಲ. ಆದರೆ ಅದು ಲೇಬಲ್‌-ಫ್ರೀ ಅಲ್ಲ. ರಕ್ತನಾಳಕ್ಕೆ ಫ್ಲೂರೊಸೀನ್ ಎಂಬ ಹೊಳೆಯುವ ಬಣ್ಣ ಚುಚ್ಚಿ ನೋಡುವುದೂ ಅಲ್ಲ.

ಇಲ್ಲಿ ಲೇಬಲ್ ಎಂದರೆ, ಕಾಣದ್ದು ಕಾಣಲೆಂದು ನಾವು ಸೇರಿಸುವ ಬಣ್ಣ, ಹೊಳೆಯುವ ಅಣು ಅಥವಾ ಪ್ರತಿಕಾಯ. ಅದನ್ನು ಬಿಟ್ಟರೆ ಅಂಗಾಂಶದ ಸ್ವಂತ ಅಣುಗಳೇ ಗುರುತು ಹೇಳಬೇಕು. ಹಾಗೆ ಹೇಳಿಸುವ ದಾರಿಗಳು ಹಲವಿವೆ. ಅವುಗಳಲ್ಲಿ ಆಪರೇಷನ್ ಥಿಯೇಟರಿನವರೆಗೂ ಬಂದು ಕೆಲಸ ಮಾಡುತ್ತಿರುವುದರಲ್ಲಿ ಒಂದು, ಲೇಸರ್ ಬೆಳಕಿನಿಂದ ಅಂಗಾಂಶದ ಚಿತ್ರ ತೆಗೆಯುವ ಸ್ಟಿಮ್ಯುಲೇಟೆಡ್ ರಾಮನ್ ಹಿಸ್ಟಾಲಜಿ.

ರಾಮನ್ ಎಂದರೆ ನಮ್ಮ ಸಿ.ವಿ. ರಾಮನ್ ಅವರೇ. 1928ರಲ್ಲಿ ಕಲ್ಕತ್ತೆಯಲ್ಲಿ ಕೆ.ಎಸ್. ಕೃಷ್ಣನ್ ಜೊತೆ ಕಂಡ ಪರಿಣಾಮ (ಅಣುವಿಗೆ ತಗುಲಿದ ಬೆಳಕಿನ ಅಲ್ಪಾಂಶ ಬಣ್ಣ ಬದಲಿಸಿ ಚದುರುವುದು) ಇದಕ್ಕೆ ಆಧಾರ, ಬೆಂಗಳೂರಿಗೆ ಅವರು ಬಂದದ್ದು ಆಮೇಲೆ. ತೊಡಕೆಂದರೆ, ಸಹಜ ರಾಮನ್ ಚದುರಿಕೆ ತೀರಾ ಕ್ಷೀಣ. ಸುಮಾರು ಕೋಟಿ ಫೋಟಾನುಗಳಲ್ಲಿ ಒಂದು ಹಾಗೆ ಚದುರಿದರೆ ಹೆಚ್ಚು. ತಲೆಬುರುಡೆ ತೆರೆದಿಟ್ಟುಕೊಂಡು ಅಷ್ಟು ಹೊತ್ತು ಕಾಯುವಂತಿಲ್ಲ. 2008ರಲ್ಲಿ ಹಾರ್ವರ್ಡಿನ ಸನ್ನಿ ಶೀ ತಂಡ ತೋರಿಸಿದ ವಿಧಾನದಲ್ಲಿ ಎರಡು ಲೇಸರ್ ಕಿರಣಗಳು ಒಟ್ಟಿಗೆ ಬೀಳುತ್ತವೆ. ಅವುಗಳ ಆವರ್ತನದ ವ್ಯತ್ಯಾಸ ಅಣುಬಂಧದ ಕಂಪನಕ್ಕೆ ಸರಿಹೊಂದಿದರೆ ಸಂಕೇತ ಸಾವಿರಾರು ಪಟ್ಟು ಬಲವಾಗುತ್ತದೆ. ಒಂದು ಕಿರಣ 790 ನ್ಯಾನೊಮೀಟರ್, ಇನ್ನೊಂದು 1,019 ಇದ್ದರೆ ವ್ಯತ್ಯಾಸ ಪ್ರತಿ ಸೆಂಟಿಮೀಟರಿಗೆ 2,845 ಅಲೆಗಳು. ಅಲ್ಲಿ ಕೊಬ್ಬು ಮಾತಾಡುತ್ತದೆ. ಎರಡನೆಯದನ್ನು 1,028ಕ್ಕೆ ಸರಿಸಿದರೆ 2,930ರ ಹತ್ತಿರ ಪ್ರೋಟೀನ್ ಎದ್ದು ಬರುತ್ತದೆ. ಮಯಲಿನ್ ಎಂಬ ಪೊರೆ ಹೊದ್ದ ನರತಂತುಗಳು ಕೊಬ್ಬಿನಿಂದ ತುಂಬಿರುತ್ತವೆ, ಕೋಶಕೇಂದ್ರದಲ್ಲಿ ಕೊಬ್ಬು ಕಡಿಮೆ. ಈ ಅಂತರವೇ ಚಿತ್ರವಾಗುತ್ತದೆ.

ಇನ್ನೊಂದು ಗೊಂದಲ ಹುಟ್ಟುವುದು ಇಲ್ಲೇ. ಪರದೆಯ ಮೇಲೆ ಚಿತ್ರ ಗುಲಾಬಿ-ನೇರಳೆಯಾಗಿ ಬರುತ್ತದೆ, ಥೇಟ್ ಪ್ರಯೋಗಾಲಯದ ಮಾಮೂಲು ಬಣ್ಣಗಳಾದ ಹಿಮಟಾಕ್ಸಿಲಿನ್-ಇಯೋಸಿನ್ ಹಚ್ಚಿದ ಸ್ಲೈಡಿನ ಹಾಗೆ. ‘ಬಣ್ಣ ಹಾಕಿಯೇ ಇದ್ದಾರಲ್ಲ’ ಎನ್ನಬೇಡಿ. ಎರಡು ಬೂದು ಚಿತ್ರಗಳನ್ನು ಕೂಡಿಸಿ ಕಳೆದು ಕಂಪ್ಯೂಟರ್ ಕೊಟ್ಟ ಬಣ್ಣ ಅದು. ಅಂಗಾಂಶ ನೋಡಿ ರೋಗ ಗುರುತಿಸುವ ಪೆಥಾಲಜಿಸ್ಟರ ಕಣ್ಣಿಗೆ ಪಳಗಿದ ಬಣ್ಣ ಎಂಬ ಒಂದೇ ಕಾರಣಕ್ಕೆ ಕೊಟ್ಟದ್ದು.

ಗಡ್ಡೆ ಮಿದುಳಿನಲ್ಲಿರುವಾಗಲೇ ಯಂತ್ರ ಒಳಗೆ ಇಣುಕುತ್ತದೆ ಎಂದುಕೊಳ್ಳುವುದೂ ತಪ್ಪು. ಶಸ್ತ್ರವೈದ್ಯರು ಸುಮಾರು 3 ಮಿಲಿಮೀಟರಿನ ಚೂರೊಂದನ್ನು ತೆಗೆದುಕೊಡುತ್ತಾರೆ. ಅದನ್ನು ಸ್ಲೈಡ್ ಮತ್ತು ಕವರ್‌ಸ್ಲಿಪ್ ನಡುವೆ ಒತ್ತಿ ತೆಳ್ಳಗೆ ಮಾಡಿ ಒಳಗಿಡುತ್ತಾರೆ. ಹೆಪ್ಪುಗಟ್ಟಿಸುವುದು, ಕತ್ತರಿಸುವುದು, ಬಣ್ಣ ಹಾಕುವುದು ಯಾವುದೂ ಇಲ್ಲ. ಚೂರನ್ನು ಹೆಪ್ಪುಗಟ್ಟಿಸಿ, ಕತ್ತರಿಸಿ, ಬಣ್ಣ ಹಾಕಿ ನೋಡುವ ರೂಢಿಯ ವಿಧಾನವಾದ ಫ್ರೋಜನ್ ಸೆಕ್ಷನ್ನಿಗೆ 20–30 ನಿಮಿಷ ಬೇಕು. ಮೇಲಾಗಿ ಮಿದುಳಿನಲ್ಲಿ ನೀರಿನಂಶ ಜಾಸ್ತಿ, ಹೆಪ್ಪುಗಟ್ಟಿಸುವಾಗ ಮಂಜಿನ ಹರಳು ಬೆಳೆದು ಅಂಗಾಂಶ ತೂತುತೂತಾಗುತ್ತದೆ. ಆ ತೊಂದರೆ ಇಲ್ಲಿಲ್ಲ. ಇಲ್ಲಿ ಕೈಕೊಡುವುದು ಬೇರೆ ಸಂಗತಿಗಳು. ಚೂರಿಗೆ ರಕ್ತ ಮೆತ್ತಿಕೊಂಡಿದ್ದರೆ ಕೋಶಗಳು ಮರೆಯಾಗುತ್ತವೆ, ಸಲೈನಿನಲ್ಲಿ ಅದ್ದಿ ತೆಗೆಯಬೇಕು. ರಕ್ತ ನಿಲ್ಲಿಸಲು ಬಳಸುವ ಕಾಟರಿಯ ಬಿಸಿಯಿಂದ ಸುಟ್ಟ ಅಂಚು ನಿಷ್ಪ್ರಯೋಜಕ. ನಾರುನಾರಾದ ಗಟ್ಟಿ ಮೆನಿಂಜಿಯೋಮಾ (ಮಿದುಳಿನ ಹೊದಿಕೆಯ ಗಡ್ಡೆ) ಒತ್ತಿದರೂ ಹರಡುವುದಿಲ್ಲ, ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಸತ್ತ ಅಂಗಾಂಶದ ಚೂರನ್ನೇ ಕೊಟ್ಟರೆ ಯಾವ ಲೇಸರೂ ಏನೂ ಮಾಡಲಾರದು.

‘ಲೇಬಲ್’ಗೆ ಎಐ ಮಂದಿ ಕೊಡುವ ಅರ್ಥವೇ ಬೇರೆ: ಚಿತ್ರಕ್ಕೆ ತಜ್ಞರು ಅಂಟಿಸಿದ ಉತ್ತರ. ಎರಡನ್ನೂ ಕಲಸಿ ‘ಪೆಥಾಲಜಿಸ್ಟರೇ ಬೇಡವಂತೆ’ ಎಂದು ಬರೆದದ್ದನ್ನು ಓದಿ ಸಾಕಾಗಿದೆ. ಅಮೆರಿಕದಲ್ಲಿ 278 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಾಮನ್ ಚಿತ್ರ ನೋಡಿದ ಎಐ 94.6 ಶೇಕಡ ಸರಿ ಹೇಳಿತು, ಅದೂ 150 ಸೆಕೆಂಡಿನೊಳಗೆ. ಮಾಮೂಲು ಸ್ಲೈಡು ನೋಡಿದ ಪೆಥಾಲಜಿಸ್ಟರದು 93.9. ಆ ಎಐ ಕಲಿತದ್ದು ಉತ್ತರ ಅಂಟಿಸಿದ 25 ಲಕ್ಷಕ್ಕೂ ಹೆಚ್ಚು ಚಿತ್ರಗಳಿಂದ.

ಈ ಎರಡೂವರೆ ನಿಮಿಷ ನಿಜಕ್ಕೂ ಉಪಯೋಗಕ್ಕೆ ಬರುವುದು ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ಅನುಮಾನ ಇರುವಾಗ. ಕೋಶಗಳು ದುಂಡಗೆ, ಒತ್ತೊತ್ತಾಗಿ, ನಡುವೆ ನರತಂತುಗಳೇ ಇಲ್ಲದಂತೆ ಕಂಡರೆ ಹೆಚ್ಚು ಕತ್ತರಿಸದೆ ಬಯಾಪ್ಸಿಗೇ ನಿಲ್ಲಿಸಿ ಕಿಮೊಥೆರಪಿಯತ್ತ ಹೋಗುತ್ತಾರೆ. ಗ್ಲಯೋಮಾ ಆದರೆ ಸುರಕ್ಷಿತವಾಗಿ ತೆಗೆಯಬಹುದಾದಷ್ಟನ್ನೂ ತೆಗೆಯಬೇಕು. ನೋಡಿಯಾದ ಚೂರಿಗೆ ಏನೂ ಬೆರೆತಿರುವುದಿಲ್ಲವಾದ್ದರಿಂದ ಅದೇ ಚೂರನ್ನು ಫಾರ್ಮಲಿನ್‌ಗೆ ಹಾಕಿ ಅಂತಿಮ ವರದಿಗೆ ಕಳಿಸಬಹುದು.