ಮಂಜೇಶ್ವರದ ಮತ ಎಲ್ಲಿ ದಾಖಲಾಗುತ್ತದೆ?

2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿದಾಗ ಕಾಸರಗೋಡು, ಮಂಜೇಶ್ವರದ ಗಡಿನಾಡಿನ ಕನ್ನಡಿಗರು ಕೇಳಬೇಕಾದ ಮೊದಲ ಪ್ರಶ್ನೆ: ನಮ್ಮ ಶಾಸಕರು ಯಾವ ಕಡೆ ಇದ್ದರು? ಇದಕ್ಕೆ ಉತ್ತರ ಹುಡುಕುವುದು ಅಷ್ಟು ಸುಲಭವಲ್ಲ. ಬಹುಪಾಲು ಮಸೂದೆಗಳು ಪಾಸಾಗುವುದು ಧ್ವನಿಮತದಿಂದ. ‘ಹೌದು’ ಎಂದವರು ಯಾರು, ‘ಇಲ್ಲ’ ಎಂದವರು ಯಾರು ಎಂದು ಯಾರೂ ಬರೆದಿಡುವುದಿಲ್ಲ. ಸ್ಪೀಕರ್ ಹೇಳಿದ್ದನ್ನು ಒಪ್ಪದೆ ಯಾರಾದರೂ ಮತ ವಿಭಜನೆಗೆ ಪಟ್ಟು ಹಿಡಿದರೆ ಮಾತ್ರ ಯಾರು ಎತ್ತ ನಿಂತರು ಎಂಬುದು ಕಡತಕ್ಕೆ ಬರುತ್ತದೆ. ಹಾಗಾಗಿ ‘ನಾನು ವಿರೋಧಿಸಿದ್ದೆ’ ಎಂದು ಶಾಸಕರು ಊರಿಗೆ ಬಂದು ಹೇಳಿದರೆ, ಅದನ್ನು ತಾಳೆ ನೋಡಲು ಬೇರೆ ದಾಖಲೆಗಳನ್ನೇ ಹುಡುಕಬೇಕು.

ಹಿಂದೆ ಈ ತೊಡಕು ಇರಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತು. ಮರುವರ್ಷದ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಅನಂತರ ಕಳ್ಳಿಗೆ ಮಹಾಬಲ ಭಂಡಾರಿಯವರು 1960, 1965, 1967ರಲ್ಲಿ ಗೆದ್ದರು. 1965ರ ಸಭೆ ಮಾತ್ರ ಸೇರಲೇ ಇಲ್ಲ. 1967ರಲ್ಲಿ ಕಾಸರಗೋಡು ಕ್ಷೇತ್ರ ಯು.ಪಿ. ಕುಣಿಕುಳ್ಳಾಯರನ್ನು ಪಕ್ಷೇತರರಾಗಿ ಕಳುಹಿಸಿತು. ಜನರು ಇವರನ್ನು ಆರಿಸಿದ್ದು ವಿಲೀನೀಕರಣದ, ಅಂದರೆ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ, ಒಂದೇ ಬೇಡಿಕೆಯ ಮೇಲೆ. ಮತದ ವಿವರಣೆ ಕೇಳುವ ಅಗತ್ಯವೇ ಇರಲಿಲ್ಲ, ನಿಲುವು ಗೆಲ್ಲುವ ಮೊದಲೇ ಗೊತ್ತಿತ್ತು. ಅದೇ 1967ರಲ್ಲಿ ಬಂದ, ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಅದು ಜಾರಿಯಾಗಲಿಲ್ಲ.

1970ರಿಂದ ಮಂಜೇಶ್ವರ ಪಕ್ಷಗಳ ಕಡೆ ವಾಲಿತು. ಎಂ. ರಾಮಪ್ಪ, ಬಳಿಕ ಎ. ಸುಬ್ಬರಾವ್, ಇಬ್ಬರೂ ಸಿಪಿಐಯವರು. ಗಡಿನಾಡಿನ ಒಂದು ಮತ ತಿರುವನಂತಪುರದಲ್ಲಿ ನಿಜಕ್ಕೂ ತೂಗಿದ್ದು ಸುಬ್ಬರಾಯರ ಕಾಲದಲ್ಲಿ. 1982ರ ಆರಂಭದಲ್ಲಿ ಆಡಳಿತ ಮತ್ತು ವಿರೋಧ ಪಕ್ಷಗಳು ಸಮಬಲವಾಗಿದ್ದವು. ಸ್ಪೀಕರ್ ಎ.ಸಿ. ಜೋಸ್ ಹಲವು ಬಾರಿ ನಿರ್ಣಾಯಕ ಮತ ಹಾಕಿ ಕರುಣಾಕರನ್ ಸರಕಾರವನ್ನು ಉಳಿಸಬೇಕಾಯಿತು. ಸಂವಿಧಾನದ 189ನೇ ವಿಧಿಯಂತೆ ಸ್ಪೀಕರಿಗೆ ಮತವಿರುವುದು ಸಮ ಸಮ ಬಂದಾಗ ಮಾತ್ರ. ಆ ವರ್ಷದ ಮಾರ್ಚಿನಲ್ಲಿ ಒಬ್ಬ ಶಾಸಕರು ಬೆಂಬಲ ಹಿಂತೆಗೆದದ್ದೇ ಸರಕಾರ ಬಿತ್ತು.

ಲೆಕ್ಕ ಪೂರ್ತಿ ಬದಲಾದದ್ದು 1985ರಲ್ಲಿ. ಸಂವಿಧಾನದ 52ನೇ ತಿದ್ದುಪಡಿಯಿಂದ ಬಂದ ಹತ್ತನೇ ಅನುಸೂಚಿಯ ಪ್ರಕಾರ ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಮೀರಿ ಮತ ಹಾಕಿದರೂ, ಮತ ಹಾಕದೆ ಉಳಿದರೂ ಶಾಸಕ ಸ್ಥಾನ ಹೋಗಬಹುದು. ಮುಂಚೆ ಅನುಮತಿ ಪಡೆದಿದ್ದರೆ, ಅಥವಾ ಪಕ್ಷ 15 ದಿನದೊಳಗೆ ಮನ್ನಿಸಿದರೆ ಮಾತ್ರ ಬಚಾವು. ಪಕ್ಷೇತರರಾಗಿದ್ದ ಉಮೇಶ ರಾಯರಿಗೂ ಕುಣಿಕುಳ್ಳಾಯರಿಗೂ ಇಂಥ ಕಟ್ಟಿರಲಿಲ್ಲ. ಇಂದಿನ ಪಕ್ಷದ ಶಾಸಕರ ಮತ ಬಹುತೇಕ ಪಕ್ಷದ ಮತವೇ. ಅವರದೇ ಎನ್ನಬಹುದಾದದ್ದು ಮತಕ್ಕೆ ಮೊದಲು ಅವರು ಮಾಡಿದ ಕೆಲಸ. ನಾವು ಕೇಳಬೇಕಾದದ್ದೂ ಅದನ್ನೇ.

ಮಸೂದೆ ಮಂಡನೆಯಾದ ಮೇಲೆ ಸಾಮಾನ್ಯವಾಗಿ ಅದನ್ನು ಪರಿಶೀಲಿಸುವ ಶಾಸಕರ ವಿಷಯ ಸಮಿತಿಗೆ ಹೋಗುತ್ತದೆ. ಕೇರಳದಲ್ಲಿ ಈ ಸಮಿತಿಗಳು 1980ರಿಂದ ಇವೆ. ಅಲ್ಲಿ ಒಪ್ಪದ ಸದಸ್ಯರು ಭಿನ್ನಮತದ ಟಿಪ್ಪಣಿ ಬರೆಯಬಹುದು, ಅದು ವರದಿಯ ಜತೆಗೇ ಅಚ್ಚಾಗುತ್ತದೆ. ನಮ್ಮ ಶಾಸಕರು ಆ ಸಮಿತಿಯಲ್ಲಿ ಇಲ್ಲದಿದ್ದರೂ ಸಭೆಯಲ್ಲಿ ಪ್ರತಿ ಖಂಡಕ್ಕೂ ತಿದ್ದುಪಡಿ ಸೂಚಿಸಲು ಅವರಿಗೆ ಹಕ್ಕಿದೆ. ಈ ತಿದ್ದುಪಡಿಯ ನೋಟಿಸು ಲಿಖಿತ. ಬಿದ್ದುಹೋದರೂ ದಾಖಲೆ ಉಳಿಯುತ್ತದೆ. ಭಾಷಣಕ್ಕಿಂತ ನಂಬಿಕೆಗೆ ಅರ್ಹವಾದ ಪುರಾವೆ ಇದೇ, ಏಕೆಂದರೆ ಯಾವ ಖಂಡದ ಯಾವ ಸಾಲನ್ನು ಬದಲಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಲೇಬೇಕು.

2017ರ ಮಲಯಾಳ ಕಡ್ಡಾಯ ಕಲಿಕೆಯ ಕಾಯ್ದೆಯ ಕಾಲದಲ್ಲಿ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಅದಕ್ಕೂ ಮುಂಚಿನ 2015ರ ಮಲಯಾಳ ಭಾಷಾ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಸಿಗಲಿಲ್ಲ. ಮಸೂದೆ ಸಭೆ ದಾಟಿದ ಮಾತ್ರಕ್ಕೆ ಕಾಯ್ದೆಯಾಗುವುದಿಲ್ಲ, ರಾಜ್ಯಪಾಲರು 200ನೇ ವಿಧಿಯಡಿ ಅದನ್ನು ರಾಷ್ಟ್ರಪತಿಗಳಿಗೆ ಕಾದಿರಿಸಬಹುದು. ಆ ಹಂತದಲ್ಲಿ ಶಾಸಕರು ಏನು ಬರೆದರು, ಯಾರನ್ನು ಕಂಡರು ಎಂಬುದೂ ಮತದ ವಿವರಣೆಯ ಭಾಗವೇ.

ನಮ್ಮನ್ನು ಕಾಡುವ ಹಲವು ಸಂಗತಿಗಳಿಗೆ ಸಭೆಯಲ್ಲಿ ಮತವೇ ನಡೆಯುವುದಿಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರ ನೇಮಕ, ಮಲಯಾಳದಲ್ಲಷ್ಟೇ ಬರುವ ಅರ್ಜಿ ಫಾರಂ, ಇವೆಲ್ಲ ಇಲಾಖೆಯ ಆದೇಶ ಅಥವಾ ಪಿಎಸ್‌ಸಿ (ಲೋಕಸೇವಾ ಆಯೋಗ) ಅಧಿಸೂಚನೆಯ ಮಟ್ಟದಲ್ಲಿ ತೀರ್ಮಾನವಾಗುತ್ತವೆ. ಇವುಗಳ ಬಗ್ಗೆ ‘ಹೇಗೆ ಮತ ಹಾಕಿದಿರಿ’ ಎಂದು ಕೇಳಿದರೆ ಶಾಸಕರು ಸುಲಭವಾಗಿ ಜಾರಿಕೊಳ್ಳುತ್ತಾರೆ. ಸಭೆಯಲ್ಲಿ ಪ್ರಶ್ನೆ ಕೇಳಿದ್ದಾರೆಯೇ, ಗಮನ ಸೆಳೆಯುವ ಸೂಚನೆ ಕೊಟ್ಟಿದ್ದಾರೆಯೇ, ಸಚಿವರ ಉತ್ತರವೇನು ಎಂದು ಕೇಳಬೇಕು. ಕಾಯ್ದೆಯ ಅಡಿಯ ನಿಯಮಗಳನ್ನೂ ಸಾಮಾನ್ಯವಾಗಿ 14 ದಿನ ಸಭೆಯ ಮುಂದಿಡುತ್ತಾರೆ. ಸಕಾಲದಲ್ಲಿ ತಿದ್ದುಪಡಿ ಸೂಚಿಸದಿದ್ದರೆ ಆ ಅವಕಾಶ ಕೈತಪ್ಪುತ್ತದೆ.

ದಾಖಲೆ ಪಡೆಯಲು ವಿಧಾನಸಭಾ ಸಚಿವಾಲಯಕ್ಕೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅರ್ಜಿ ಮಲಯಾಳ ಅಥವಾ ಇಂಗ್ಲಿಷಿನಲ್ಲಿದ್ದರೆ ಭಾಷೆಯ ತಕರಾರು ಬರುವುದಿಲ್ಲ. ಹೆಚ್ಚಿನವರು ಎಡವುವುದು ಪ್ರಶ್ನೆಯ ರೂಪದಲ್ಲಿ. ‘ಶಾಸಕರು ಯಾಕೆ ಸುಮ್ಮನಿದ್ದರು’ ಎಂದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಮಸೂದೆಯ ಹೆಸರು, ವರ್ಷ ಬರೆದು ತಿದ್ದುಪಡಿಗಳ ಪಟ್ಟಿ, ವಿಷಯ ಸಮಿತಿಯ ವರದಿ, ಆ ದಿನದ ಕಲಾಪದ ಪ್ರತಿ, ಮತ ವಿಭಜನೆ ನಡೆದಿದ್ದರೆ ಅದರ ಪಟ್ಟಿ, ಇಷ್ಟನ್ನು ಕೇಳಿದರೆ ಸಾಕು. ಕಲಾಪದ ವರದಿ ಬಹುಪಾಲು ಮಲಯಾಳದಲ್ಲಿರುತ್ತದೆ. ಆದ್ದರಿಂದ ಶಾಸಕರಿಂದ ಅವರ ಭಾಷಣ ಮತ್ತು ತಿದ್ದುಪಡಿಯ ಕನ್ನಡ ಪ್ರತಿಯನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡಿಗರು ಸರಕಾರದ ಜತೆ ಕನ್ನಡದಲ್ಲೇ ಪತ್ರ ವ್ಯವಹಾರ ನಡೆಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿತು. ಸರಕಾರ ಕೊಡಬೇಕಾದದ್ದನ್ನು ನಾವೇ ಆರಿಸಿದ ಶಾಸಕರೂ ಕೊಡಲಿ.