ಆರ್ಕಿಟೆಕ್ಟ್ ಆಗಲು ಡಿಸೈನ್ ಪ್ಯಾಟರ್ನ್ ಎಲ್ಲ ಕಲಿಯಬೇಕಾ?

ಓದುಗರ ಪ್ರಶ್ನೆ: ಶಿವಮೊಗ್ಗದ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುತ್ತೇನೆ. ಮುಂದೆ ಆರ್ಕಿಟೆಕ್ಟ್ ಆಗಬೇಕು. ಮೊದಲು ಡಿಸೈನ್ ಪ್ಯಾಟರ್ನ್‌ಗಳನ್ನೆಲ್ಲ ಕಲಿಯಬೇಕಾ?

ಬೇಡ. ಡಿಸೈನ್ ಪ್ಯಾಟರ್ನ್ ಅಂದರೆ ಕೋಡ್ ಬರೆಯುವಾಗ ಮತ್ತೆ ಮತ್ತೆ ಎದುರಾಗುವ ತೊಂದರೆಗೆ ಹೆಸರಿಟ್ಟ ಸಿದ್ಧ ಪರಿಹಾರ. 1994ರಲ್ಲಿ ನಾಲ್ವರು ಸೇರಿ ಬರೆದ ಹೆಸರಾಂತ ಪುಸ್ತಕದಲ್ಲಿ 23 ಪ್ಯಾಟರ್ನ್‌ಗಳಿವೆ. ಇಂಟರ್‌ವ್ಯೂಗೆ ಅಂತ ಬಾಯಿಪಾಠ ಮಾಡುವವರೇ ಜಾಸ್ತಿ. ತೊಂದರೆ ಏನೆಂದು ಗೊತ್ತಿಲ್ಲದೆ ಹೆಸರು ಮಾತ್ರ ಕಲಿತರೆ, ಸಿಕ್ಕಲ್ಲೆಲ್ಲ ಸಿಂಗಲ್‌ಟನ್ (ಇಡೀ ಪ್ರೋಗ್ರಾಂಗೆ ಒಂದೇ ಆಬ್ಜೆಕ್ಟ್ ಇರಲಿ ಅನ್ನುವ ಪ್ಯಾಟರ್ನ್) ತುರುಕುವ ಚಾಳಿ ಬರುತ್ತದೆ, ಅಷ್ಟೆ.

ಅದರ ಬದಲು ಅಡಿಕೆ ಮಂಡಿಗೊಂದು ಬಿಲ್ ಪ್ರೋಗ್ರಾಂ ಬರೆಯಿರಿ. ಸರಕು, ಬೆಟ್ಟೆ, ರಾಶಿ, ಗೊರಬಲು ಅನ್ನುವ ಅಡಿಕೆಯ ಬಗೆಗಳನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಹೊಸದಾಗಿ ಕಲಿತವರು ಏನು ಮಾಡುತ್ತಾರೆ? 'ಅಡಿಕೆ' ಅಂತ ಒಂದು ಕ್ಲಾಸ್ (ಡೇಟಾ, ಅದರ ಲೆಕ್ಕ ಎರಡನ್ನೂ ಒಟ್ಟಿಗಿಡುವ ಅಚ್ಚು), ಅದರಿಂದ ಇನ್‌ಹೆರಿಟ್ ಆದ (ಅದರ ಗುಣಗಳನ್ನು ಪಡೆದ) ನಾಲ್ಕು ಕ್ಲಾಸ್. ನೋಡಲು ಚಂದ. ಆದರೆ ಬಿಲ್ಲಿನ ಮಟ್ಟಿಗೆ ರಾಶಿಗೂ ಬೆಟ್ಟೆಗೂ ಇರುವ ವ್ಯತ್ಯಾಸ ಕ್ವಿಂಟಾಲ್ ದರ ಮಾತ್ರ. ಲೆಕ್ಕ ಒಂದೇ ಅಲ್ವಾ? ಅದಕ್ಕೆ ಕ್ಲಾಸ್ ಯಾಕೆ, ಟೇಬಲ್‌ನಲ್ಲಿ ಒಂದು ಸಾಲು ಸಾಕು.

ಕಡಿತದ ಕತೆ ಬೇರೆ. ಹಮಾಲಿ ಮೂಟೆ ಲೆಕ್ಕ, ಗಾಡಿ ಬಾಡಿಗೆ ದೂರದ ಲೆಕ್ಕ, ಮುಂಗಡ ಬೆಳೆಗಾರರ ಖಾತೆ ನೋಡಿ ಮುರಿದುಕೊಳ್ಳುವುದು ಅಂತಿಟ್ಟುಕೊಳ್ಳಿ. ಇಲ್ಲಿ ಲೆಕ್ಕದ ದಾರಿಯೇ ಬೇರೆ ಬೇರೆ. 'ಕಡಿತ' ಅಂತ ಒಂದು ಇಂಟರ್‌ಫೇಸ್ (ಏನು ಮಾಡಬೇಕು ಅಂತ ಮಾತ್ರ ಹೇಳುವ ಕರಾರು) ಮಾಡಿ, ಒಂದೊಂದಕ್ಕೂ ಒಂದು ಕ್ಲಾಸ್ ಕೊಡಿ. ನಾಳೆ ಹೊಸ ಕಡಿತ ಬಂದರೆ ಹಳೆಯ ಲೆಕ್ಕಗಳನ್ನು ಮುಟ್ಟಬೇಕಿಲ್ಲ. ಸ್ಟ್ರಾಟೆಜಿ ಪ್ಯಾಟರ್ನ್ ಅನ್ನುವುದು ಇದೇ.

ಬದಲಾಗುವಂಥ ಒಂದೊಂದು ತೀರ್ಮಾನವನ್ನೂ ಒಂದೊಂದು ಮಾಡ್ಯೂಲ್‌ನೊಳಗೆ (ಕೋಡ್‌ನ ಬಿಡಿ ಭಾಗದೊಳಗೆ) ಮುಚ್ಚಿಡಿ ಅಂತ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲೇ ಬರೆದಿದ್ದರು. ಆಗಿನ್ನೂ ಜಾವಾ ಹುಟ್ಟಿರಲಿಲ್ಲ.

ಇನ್ನು ಆರ್ಕಿಟೆಕ್ಚರ್, ಅಂದರೆ ಇಡೀ ವ್ಯವಸ್ಥೆಯ ಬಗ್ಗೆ ಮಾಡುವ, ಆಮೇಲೆ ಬದಲಿಸಲು ಕಷ್ಟವಾದ ತೀರ್ಮಾನಗಳು. ಮಂಡಿಗೆ ಹೊಸನಗರದ ಕಡೆ ಒಂದು ಶಾಖೆ ಇದೆ ಅಂತಿಟ್ಟುಕೊಳ್ಳಿ. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಹೋದರೆ ಹಿಂದೆಯೇ ನೆಟ್ಟೂ ಹೋಗುತ್ತದೆ. ಯುಪಿಎಸ್ ಮೇಲಾದರೂ ಬಿಲ್ ನಡೆಯಬೇಕು. ಹಾಗಾಗಿ ಅದು ಮೊದಲು ಶಾಖೆಯ ಕಂಪ್ಯೂಟರ್‌ನಲ್ಲೇ ಸೇವ್ ಆಗಬೇಕು, ನೆಟ್ ಬಂದಮೇಲೆ ಸರ್ವರ್‌ಗೆ ಹೋಗಬೇಕು. ಕಳಿಸುವಾಗ ನಡುವೆ ಲೈನ್ ಕಟ್ಟಾಗಿ ಮತ್ತೆ ಕಳಿಸಿದರೆ? ಒಂದೇ ಬಿಲ್ ಎರಡು ಸಲ ಏರುತ್ತದೆ. ಅದಕ್ಕೇ ಬಿಲ್ಲಿನ ಐಡಿಯನ್ನು ಶಾಖೆಯಲ್ಲೇ ಕೊಡಬೇಕು. ಆ ಐಡಿ ಆಗಲೇ ಬಂದಿದ್ದರೆ ಸರ್ವರ್ ಹೊಸದಾಗಿ ಬರೆದುಕೊಳ್ಳದೆ ಸುಮ್ನೆ 'ತಲುಪಿದೆ' ಅನ್ನಬೇಕು. ಕ್ಲಾಸ್ ತಪ್ಪಾದರೆ ಒಂದು ಸಂಜೆಯಲ್ಲಿ ಸರಿ ಮಾಡಬಹುದು. ಇಂಥದ್ದನ್ನು ಕೊನೆಗೆ ಸೇರಿಸಲು ಹೋದರೆ ಅರ್ಧ ಕೋಡ್ ಬಿಚ್ಚಬೇಕು. (ಎರಡು ಶಾಖೆಯ ಮಂಡಿಗೆ ಮೈಕ್ರೋಸರ್ವಿಸ್, ಅಂದರೆ ಒಂದೇ ಪ್ರೋಗ್ರಾಂ ಅನ್ನು ಬೇರೆ ಬೇರೆಯಾಗಿ ಓಡುವ ಚಿಕ್ಕ ಸರ್ವಿಸ್‌ಗಳಾಗಿ ಒಡೆಯುವುದು ಮಾತ್ರ ಬೇಡ, ದಯವಿಟ್ಟು.)

ಆಫೀಸಿನ ಕೆಲಸದಲ್ಲೂ ಕಲಿಯಬಹುದು. ಗಿಟ್ ಹಿಸ್ಟರಿ (ಕೋಡ್‌ನ ಬದಲಾವಣೆಗಳ ದಾಖಲೆ) ತೆಗೆದು, ಯಾವ ಫೈಲ್‌ಗಳು ಪ್ರತಿ ಸಲ ಜೊತೆಜೊತೆಗೇ ಬದಲಾಗುತ್ತವೆ ನೋಡಿ. ಒಂದೇ ತೀರ್ಮಾನ ನಾಲ್ಕೈದು ಕಡೆ ಚದುರಿರಬಹುದು. ಅದನ್ನು ಒಂದೆಡೆ ತರುವುದು ಹೇಗೆ, ಖರ್ಚೆಷ್ಟು ಅಂತ ಒಂದು ಪುಟ ಬರೆದು ಸೀನಿಯರ್‌ಗೆ ತೋರಿಸಿ.