ಮೈಕ್ ವೆಬ್‌ಸ್ಟರ್ ತಲೆಗೆ ಬಿದ್ದ ಪೆಟ್ಟು: ಎನ್‌ಎಫ್‌ಎಲ್ ಒಪ್ಪಿಕೊಳ್ಳಲು ಇಷ್ಟು ವರ್ಷ ಯಾಕೆ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸೆಂಟರ್ ಆಡುವವನ ಕೆಲಸ ಕೇಳಲು ಸುಲಭ. ಬಗ್ಗಿ ನಿಂತು, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಿರುವ ಕ್ವಾರ್ಟರ್‌ಬ್ಯಾಕ್‌ಗೆ ಕೊಡಬೇಕು. ಆದರೆ ಕೊಟ್ಟ ತಕ್ಷಣ ಎದುರಾಳಿ ನುಗ್ಗುತ್ತಾನೆ, ತಲೆಗೆ ತಲೆ ಬಡಿಯುತ್ತದೆ. ಪಂದ್ಯವೊಂದರಲ್ಲೇ ಹತ್ತಾರು ಸಲ ಹೀಗೆ. ಪ್ರಾಕ್ಟೀಸ್‌ನ ಪೆಟ್ಟುಗಳು ಬೇರೆ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮೈಕ್ ವೆಬ್‌ಸ್ಟರ್ 17 ಸೀಸನ್ ಇದನ್ನೇ ಮಾಡಿದರು. 1974ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಸೇರಿದರು, ತಂಡದ ಜೊತೆ ನಾಲ್ಕು ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದರು. ಗಾಯವಾದರೂ ಆಡುತ್ತಿದ್ದರು, ಅದಕ್ಕೇ ಜನ 'ಐರನ್ ಮೈಕ್' ಅಂದರು. ಕೊನೆಯ ಎರಡು ಸೀಸನ್ ಕಾನ್ಸಾಸ್ ಸಿಟಿ ಚೀಫ್ಸ್‌ಗೆ ಆಡಿದರು. 1997ರಲ್ಲಿ ಹಾಲ್ ಆಫ್ ಫೇಮ್ ಗೌರವವೂ ಬಂತು.

ಅಷ್ಟರಲ್ಲಿ ಬದುಕು ಚದುರಿತ್ತು. ಮರೆವು, ಸಿಟ್ಟು, ನಿಲ್ಲದ ನೋವು. ಕೈಯಲ್ಲಿ ದುಡ್ಡಿಲ್ಲ. ಪಿಕಪ್ ಟ್ರಕ್‌ನಲ್ಲಿ ಮಲಗಿದ ರಾತ್ರಿಗಳೂ ಇದ್ದವು. ನಿದ್ದೆ ಬರಲೆಂದು ಟೇಸರ್‌ನಿಂದ ತಮಗೆ ತಾವೇ ಶಾಕ್ ಕೊಟ್ಟುಕೊಳ್ಳುತ್ತಿದ್ದರು. 2002ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಅವರಿಗೆ ಬರೀ 50 ವರ್ಷ.

ಶವಪರೀಕ್ಷೆ ಮಾಡಿದವರು ನೈಜೀರಿಯಾದಲ್ಲಿ ಹುಟ್ಟಿದ ವೈದ್ಯ ಬೆನೆಟ್ ಒಮಾಲು. ಮಿದುಳು ನೋಡಲು ಸರಿಯಾಗೇ ಇತ್ತು. ಸುಮ್ನೆ ಬಿಡಬಹುದಿತ್ತು, ಅವರು ಬಿಡಲಿಲ್ಲ. ತೆಳು ಪದರಗಳಾಗಿ ಕತ್ತರಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ಟೌ ಎಂಬ ಪ್ರೋಟೀನ್ ಅಲ್ಲಲ್ಲಿ ಗಂಟು ಕಟ್ಟಿತ್ತು. ಬಾಕ್ಸರ್‌ಗಳಿಗೆ ಪೆಟ್ಟು ತಿಂದು ತಿಂದು ಮಂಕು ಕವಿಯುತ್ತದೆ ಎಂದು ವೈದ್ಯರು 1928ರಲ್ಲೇ ಬರೆದಿದ್ದರು. ಎನ್‌ಎಫ್‌ಎಲ್ ಆಟಗಾರನ ಮಿದುಳಿನಲ್ಲಿ ಆ ಬಗೆಯ ಹಾನಿ, ಅಂದರೆ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಬರುವ ಸಿಟಿಇ ಎಂಬ ಮಿದುಳಿನ ಕಾಯಿಲೆ, ಸಿಕ್ಕಿದ್ದು ಇದೇ ಮೊದಲು.

2005ರಲ್ಲಿ ಒಮಾಲು ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಿದುಳಿನ ಪೆಟ್ಟಿನ ಅಧ್ಯಯನಕ್ಕೆಂದು 1994ರಲ್ಲಿ ಲೀಗ್ ನೇಮಿಸಿದ್ದ ಸಮಿತಿಯ ಸದಸ್ಯರು, ಲೇಖನ ಹಿಂತೆಗೆದುಕೊಳ್ಳಿ ಎಂದು ಪತ್ರ ಬರೆದರು. ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿಯೇ. ಯಾಕೆಂದರೆ 1999ರಲ್ಲೇ ಲೀಗ್‌ನ ನಿವೃತ್ತಿ ಮಂಡಳಿ, ಆಟದಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದಲೇ ವೆಬ್‌ಸ್ಟರ್ ದುಡಿಯಲಾಗದ ಸ್ಥಿತಿಗೆ ಬಂದಿದ್ದಾರೆ ಎಂದು ಒಪ್ಪಿತ್ತು. ಆ ಮಂಡಳಿಯಲ್ಲಿ ತಂಡದ ಮಾಲೀಕರ ಪ್ರತಿನಿಧಿಗಳೂ ಇದ್ದರು, ಆಟಗಾರರ ಪ್ರತಿನಿಧಿಗಳೂ ಇದ್ದರು. ಒಂದು ಕಡೆ ಪೆಟ್ಟಿಗೆ ಪಿಂಚಣಿ, ಇನ್ನೊಂದು ಕಡೆ ಪೆಟ್ಟಿನಿಂದ ಶಾಶ್ವತ ಹಾನಿ ಇಲ್ಲವೆನ್ನುವ ಸಮಿತಿ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ, ಅಲ್ವಾ?

ಪಿಂಚಣಿ ಕೂಡ ಪೂರ್ತಿ ಸಿಗಲಿಲ್ಲ. ಅಂಗವೈಕಲ್ಯ ಯಾವಾಗ ಶುರುವಾಯಿತು ಎಂಬ ಜಗಳ ಕೋರ್ಟಿಗೆ ಹೋಯಿತು. ಮೇಲ್ಮನವಿ ಕೋರ್ಟ್ 2006ರಲ್ಲಿ ಕುಟುಂಬದ ಪರ ನಿಂತಿತು.

ಮುಂದೆ ಸಾವಿರಾರು ಮಾಜಿ ಆಟಗಾರರು ಲೀಗ್ ಮೇಲೆ ದಾವೆ ಹೂಡಿದರು. 2013ರಲ್ಲಿ ಲೀಗ್ 76.5 ಕೋಟಿ ಡಾಲರ್‌ಗೆ ರಾಜಿಗೆ ಬಂತು, ಆಮೇಲೆ ಆ ಮಿತಿಯನ್ನೂ ತೆಗೆಯಬೇಕಾಯಿತು. ಈ ಆಟಕ್ಕೂ ಸಿಟಿಇಗೂ ನಂಟಿದೆ ಎಂದು ಲೀಗ್‌ನ ಹಿರಿಯ ಅಧಿಕಾರಿಯೊಬ್ಬರು ಅಮೆರಿಕದ ಸಂಸದರ ಮುಂದೆ ಒಪ್ಪಿದ್ದು 2016ರ ಮಾರ್ಚ್‌ನಲ್ಲಿ. ರಾಜಿಯ ಷರತ್ತುಗಳು ಮಾತ್ರ 2006ಕ್ಕಿಂತ ಮೊದಲು ಸತ್ತವರ ಕುಟುಂಬಗಳನ್ನು ಬಹುತೇಕ ಹೊರಗಿಟ್ಟವು. ವೆಬ್‌ಸ್ಟರ್ ತೀರಿಕೊಂಡಿದ್ದು 2002ರಲ್ಲಿ.